ಅ, ಆ, ಇ, ಈ: ಬೇಸ್‌ಮೆಂಟಿನ ಇಲಿಗಳ ಲೆಕ್ಕ

ಮಿನೆಸೋಟಾದಿಂದ ಮಾತಾಡ್ತಿದ್ದೀವಿ. ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಈಗ ನಾಲ್ಕು ಖಾಲಿ ಡಬ್ಬಿಗಳಿವೆ. ಒಂದೊಂದರ ಮೇಲೂ ಮಾರ್ಕರಿನಲ್ಲಿ ಒಂದೊಂದು ಅಕ್ಷರ: ಅ, ಆ, ಇ, ಈ. ಮನೆಗೆ ಬಂದ ಗೆಳೆಯರು ಅದನ್ನು ನೋಡಿ, "ಮಗುವಿಗೆ ಇಷ್ಟು ಬೇಗ ಅಕ್ಷರಾಭ್ಯಾಸಾನಾ?" ಅಂತ ಕೇಳಿದರು. ಮಗುವಿಗೆ ಇನ್ನೂ ಏಳು ತಿಂಗಳು. ಆ ಡಬ್ಬಿಗಳಲ್ಲಿ ಇದ್ದದ್ದು ಇಲಿಗಳು. ಅವು ಯಾಕೆ ಇದ್ದವು, ಹೇಗೆ ಇದ್ದವು, ಈಗ ಯಾಕೆ ಇಲ್ಲ ಅನ್ನುವುದೇ ಈ ಕಂತಿನ ವಿಷಯ. ಮೊದಲೇ ಹೇಳಿಬಿಡ್ತೀವಿ, ಇದರಲ್ಲಿ ಸಾವಿನ ಮಾತು ಇದೆ. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ಆಮೇಲೆ ಕೇಳಿ.

ನಾವಿಬ್ಬರೂ ಜೀವವಿಜ್ಞಾನ ಓದಿದವರು. ಪಿಎಚ್‌ಡಿ ದಿನಗಳಲ್ಲಿ ಊರು ಬಿಟ್ಟು ಹೊರಟ ಸಹಪಾಠಿಯೊಬ್ಬರು ಎರಡು ಹಾವುಗಳನ್ನು ನಮ್ಮ ಕೈಗೆ ಕೊಟ್ಟು ಹೋದರು. ಒಂದು ಕಾರ್ನ್ ಸ್ನೇಕ್, ಇನ್ನೊಂದು ಬಾಲ್ ಪೈಥಾನ್. ಬಾಲ್ ಪೈಥಾನ್ ಅಂದ್ರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗಿಟ್ಟುಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಸಾಕಿದರೆ 20ರಿಂದ 30 ವರ್ಷ ಬದುಕುವ ಪ್ರಾಣಿ. ಆಮೇಲೆ ಮೂರನೆಯದಾಗಿ ಒಂದು ಮರಿ ಪೈಥಾನ್ ಕೂಡ ಬಂತು. ಊರಲ್ಲಿ ಕೇಳ್ತಿರುವವರಿಗೆ ಒಂದು ಮಾತು: ಭಾರತದ ಕಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿ ನಡೆದದ್ದನ್ನು ಅಲ್ಲಿ ಮಾಡಲು ಹೋಗಬೇಡಿ.

ಹಾವಿಗೆ ಸೊಪ್ಪು ಹಾಕಿ ಸಾಕೋಕಾಗಲ್ಲ. ಇಲಿಯೇ ಬೇಕು. ಈ ದೇಶದಲ್ಲಿ ಫ್ರೀಜ಼್ ಮಾಡಿದ ಇಲಿಗಳು ಅಂಗಡಿಯಲ್ಲೂ ಸಿಗುತ್ತವೆ, ಅಂಚೆಯಲ್ಲೂ ಬರುತ್ತವೆ. ಕಾರ್ನ್ ಸ್ನೇಕ್ ಅದನ್ನು ತಕರಾರಿಲ್ಲದೆ ನುಂಗುತ್ತಿತ್ತು. ದೊಡ್ಡ ಪೈಥಾನ್ ಮಾತ್ರ ಒಪ್ಪಲಿಲ್ಲ. ಆರು ವಾರ, ಎಂಟು ವಾರ ಉಪವಾಸ. ಈ ಜಾತಿಯ ಹಾವುಗಳು ಹೀಗೆ ತಿಂಗಳುಗಟ್ಟಲೆ ಊಟ ಬಿಡುವುದು ಹೊಸದೇನಲ್ಲ. ಆದರೆ ನಮಗೆ ಆಗ ತಾಳ್ಮೆ ಇರಲಿಲ್ಲ. "ಪ್ರಯೋಗಾಲಯದಲ್ಲಿ ಇಲಿ ಸಾಕೋದು ಗೊತ್ತಲ್ಲ, ಮನೆಯಲ್ಲೇ ಸಾಕಿದರಾಯ್ತು" ಅಂದುಕೊಂಡೆವು. ಗೊತ್ತು ಅಂದುಕೊಂಡದ್ದೇ ಮೊದಲ ತಪ್ಪು.

ಕನ್ನಡದಲ್ಲಿ ಎಲ್ಲಕ್ಕೂ ಇಲಿ ಅಂತೀವಿ. ನಾವು ಸಾಕಿದ್ದು ಇಂಗ್ಲಿಷಿನವರು ಮೌಸ್ ಅನ್ನುವ ಚಿಕ್ಕ ಜಾತಿ, ಅಕ್ಕಿ ಡಬ್ಬದ ಹಿಂದೆ ಓಡುವ ಇಲಿಯ ಬಿಳಿ ಬಂಧು. ಇದರ ಸಂತಾನದ ಲೆಕ್ಕ ನೋಡಿ. ಹೆಣ್ಣು 4-5 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬದ ಅವಧಿ 19ರಿಂದ 21 ದಿನ. ಒಂದು ಸೂಲಿಗೆ ಸಾಧಾರಣವಾಗಿ ಎಂಟು ಮರಿ, ಹನ್ನೆರಡಾದರೂ ಆಶ್ಚರ್ಯವಿಲ್ಲ. ಮರಿ ಹಾಕಿದ ಒಂದು ದಿನದೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತದೆ! ಗಂಡು ಅದೇ ಡಬ್ಬಿಯಲ್ಲಿದ್ದರೆ ಒಂದು ಸೂಲಿಗೆ ಹಾಲು ಕೊಡುತ್ತಲೇ ಮುಂದಿನ ಸೂಲನ್ನು ಹೊರುತ್ತದೆ. ಮರಿಗಳು ಮೂರು ವಾರಕ್ಕೆ ಹಾಲು ಬಿಡುತ್ತವೆ, ಐದಾರು ವಾರಕ್ಕೆ ತಾವೇ ಗಬ್ಬವಾಗಬಲ್ಲವು.

ನಾವು ನಾಲ್ಕು ಡಬ್ಬಿ ಇಟ್ಟೆವು. ಒಂದೊಂದರಲ್ಲಿ ಒಂದು ಗಂಡು, ಮೂರು ಹೆಣ್ಣು. ಒಟ್ಟು 12 ಹೆಣ್ಣು. ಹೆಚ್ಚುಕಮ್ಮಿ ನಾಲ್ಕು ವಾರಕ್ಕೊಮ್ಮೆ ಎಂಟೆಂಟು ಮರಿ ಅಂದ್ರೆ 96. ನಮ್ಮ ಮೂರು ಹಾವುಗಳಿಗೆ ಬೇಕಾದದ್ದು ಎಷ್ಟು? ನಾಲ್ಕು ವಾರಕ್ಕೆ 15-16. ಉಳಿದ 80ನ್ನು ಏನು ಮಾಡ್ತೀರಿ?

ಈ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಮರಿಗಳು ಹುಟ್ಟಿದ ಮೇಲೆ. ಫ್ರೀಜ಼ರ್ ತುಂಬಿತು. ಹಾಲು ಬಿಟ್ಟ ಮರಿಗಳ ಡಬ್ಬಿಗಳು ಗೋಡೆಯುದ್ದಕ್ಕೂ ಬೆಳೆದವು. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಬರುವ ಅಮೋನಿಯಾದ ಘಾಟು ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂತು. ಹೊರಗೆ ಮೈನಸ್ 20 ಡಿಗ್ರಿ, ಕಿಟಕಿ ತೆಗೆಯುವ ಹಾಗಿಲ್ಲ. ಆ ಚಳಿಗಾಲ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ಮೂಗಿಗೆ ಸೆರಗು ಹಿಡಿದು ಕೆಳಗಿಳಿದು ಬಂದು, ಒಂದು ಸುತ್ತು ನೋಡಿ ಹೇಳಿದರು: "ಊರಲ್ಲಿ ಕೇರೆಹಾವು ಪುಕ್ಕಟೆ ಮಾಡೋ ಕೆಲಸಕ್ಕೆ ನೀವು ಇಷ್ಟೆಲ್ಲ ಓದಬೇಕಾಯ್ತಾ? ಹಾವಿಗೋಸ್ಕರ ಕೊಲ್ಲೋದು ಒಂದು. ಲೆಕ್ಕ ತಪ್ಪಿ ಕೊಲ್ಲೋದು ಇನ್ನೊಂದು." ಆ ಎರಡನೆಯ ಮಾತು ಮನಸ್ಸಿನಿಂದ ಹೋಗಲಿಲ್ಲ.

ಸರಿ, ಹೆಣ್ಣುಗಳ ಸಂಖ್ಯೆ ಇಳಿಸಿದೆವು. ಡಬ್ಬಿಗೆ ಎರಡೇ. ಜೊತೆಗೆ ಇನ್ನೊಂದು ಬುದ್ಧಿವಂತಿಕೆ ಮಾಡಿದೆವು. ಒಂದೇ ಗಂಡು ಒಂದೇ ಡಬ್ಬಿಯಲ್ಲಿದ್ದರೆ ಹತ್ತಿರದ ರಕ್ತಸಂಬಂಧ ಬೆಳೆಯುತ್ತದೆ ಅಂತ, ವಾರಕ್ಕೊಮ್ಮೆ ಗಂಡುಗಳನ್ನು ಡಬ್ಬಿಯಿಂದ ಡಬ್ಬಿಗೆ ಬದಲಾಯಿಸತೊಡಗಿದೆವು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಐದು ವಾರ ಕಾದರೂ ಮರಿಗಳು ತೀರಾ ಕಡಿಮೆ. ಎರಡು ಡಬ್ಬಿಗಳಲ್ಲಿ ಒಂದೂ ಇಲ್ಲ. ಕಾಯಿಲೆಯಾ, ಆಹಾರದ ತಪ್ಪಾ, ಬೆಳಕು ಸಾಲದಾ ಅಂತ ತಲೆ ಕೆಡಿಸಿಕೊಂಡೆವು.

ಉತ್ತರ ನಾವೇ ಪರೀಕ್ಷೆಗೆ ಓದಿದ ಪಾಠದಲ್ಲಿತ್ತು. 1959ರಲ್ಲಿ ಲಂಡನ್ನಿನ ಮಿಲ್ ಹಿಲ್‌ನ ಸಂಶೋಧನಾ ಸಂಸ್ಥೆಯಲ್ಲಿದ್ದ ಹಿಲ್ಡಾ ಬ್ರೂಸ್ ಒಂದು ವಿಚಿತ್ರವನ್ನು ವರದಿ ಮಾಡಿದರು. ಈಗ ತಾನೇ ಕೂಡಿದ ಹೆಣ್ಣಿಲಿಯ ಬಳಿ ಅಪರಿಚಿತ ಗಂಡನ್ನು ಬಿಟ್ಟರೆ ಗಬ್ಬ ನಿಲ್ಲುವುದಿಲ್ಲ. ಕೂಡಿದ ನಾಲ್ಕೈದು ದಿನಕ್ಕೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಬೇಕು. ಅದಕ್ಕೆ ಮೊದಲೇ ಹೊಸ ಗಂಡಿನ ಮೂತ್ರದ ವಾಸನೆ ತಾಯಿಯ ಮೂಗಿಗೆ ಬಿದ್ದರೆ ಹಾರ್ಮೋನುಗಳ ಹದ ಕೆಟ್ಟು, ಭ್ರೂಣ ಅಂಟುವುದೇ ಇಲ್ಲ. ಹೆಣ್ಣು ಕೆಲವೇ ದಿನಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಇದಕ್ಕೆ ಬ್ರೂಸ್ ಪರಿಣಾಮ ಅಂತಲೇ ಹೆಸರು. ನಾವು ವಾರವಾರವೂ ಹೊಸ ಗಂಡನ್ನು ತಂದು ಬಿಟ್ಟು, ಹಿಂದಿನ ವಾರದ ಗಬ್ಬವನ್ನು ನಮ್ಮ ಕೈಯಾರೆ ತಪ್ಪಿಸುತ್ತಿದ್ದೆವು! ಪುಸ್ತಕದಲ್ಲಿ ಓದಿದ್ದು ಬೇಸ್‌ಮೆಂಟಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತುಹೋಗಿತ್ತು.

ಆವತ್ತು ಕೂತು ಸರದಿಯ ಲೆಕ್ಕ ಹಾಕಿದೆವು. ಇಲಿ ಸಾಕುವವರು ಯಾರಾದರೂ ಕೇಳ್ತಿದ್ದರೆ, ಈ ಭಾಗ ನಿಮಗೆ.

ನಾಲ್ಕು ಮನೆತನ: ಅ, ಆ, ಇ, ಈ. ಒಂದೊಂದರಲ್ಲಿ ಎರಡು ಹೆಣ್ಣು ಒಟ್ಟಿಗೆ ಇರುತ್ತವೆ. ಗಂಡುಗಳಿಗೆ ಬೇರೆ ಬೇರೆ ಡಬ್ಬಿ, ಯಾಕಂದ್ರೆ ಬೆಳೆದ ಗಂಡಿಲಿಗಳನ್ನು ಒಟ್ಟಿಗೆ ಬಿಟ್ಟರೆ ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ನಾಲ್ಕು ವಾರಕ್ಕೊಮ್ಮೆ ಒಂದೇ ಒಂದು ಮನೆತನಕ್ಕೆ ಸರದಿ. ಮೊದಲು ಮೂರು ದಿನ, ಗಂಡಿನ ಡಬ್ಬಿಯ ಒಂದು ಹಿಡಿ ಕೊಳೆಯಾದ ಹಾಸನ್ನು ಹೆಣ್ಣುಗಳ ಡಬ್ಬಿಗೆ ಹಾಕ್ತೀವಿ. ಇದೂ ವಾಸನೆಯ ಆಟವೇ. ಗಂಡಿಲ್ಲದೆ ಒಟ್ಟಿಗಿರುವ ಹೆಣ್ಣಿಲಿಗಳ ಬೆದೆ ಮಂಕಾಗುತ್ತದೆ. ಗಂಡಿನ ವಾಸನೆ ಬಂತೆಂದರೆ ಮೂರನೆಯ ರಾತ್ರಿಯ ಹೊತ್ತಿಗೆ ಹಲವು ಹೆಣ್ಣುಗಳು ಒಟ್ಟಿಗೆ ಬೆದೆಗೆ ಬರುತ್ತವೆ. 1950ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ವೆಸ್ಲಿ ವಿಟ್ಟನ್. ಆಮೇಲೆ ಗಂಡನ್ನು ಬಿಟ್ಟು, ಸರಿಯಾಗಿ 14 ದಿನಕ್ಕೆ ಹೊರಗೆ ತೆಗೀತೀವಿ. 14 ದಿನದಲ್ಲಿ ಎರಡು ಮೂರು ಬೆದೆ ಬಂದುಹೋಗುತ್ತದೆ, ಆದ್ದರಿಂದ ಗಬ್ಬ ತಪ್ಪುವುದು ಅಪರೂಪ. ಮರಿ ಹಾಕುವುದಕ್ಕೆ ಮುಂಚೆಯೇ ಗಂಡು ಆಚೆ ಬಂದಿರುವುದರಿಂದ, ಬಾಣಂತಿ ಮತ್ತೆ ಗಬ್ಬವಾಗುವ ಪ್ರಶ್ನೆಯಿಲ್ಲ.

ಎರಡು ಹೆಣ್ಣುಗಳೂ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಮರಿ ಹಾಕಿದರೆ ಒಂದೇ ಗೂಡಿನಲ್ಲಿ ಎಲ್ಲ ಮರಿಗಳಿಗೂ ಸೇರಿಕೊಂಡು ಹಾಲು ಕೊಡುತ್ತವೆ. ಒಂದು ಆಚೆ ಹೋದಾಗ ಇನ್ನೊಂದು ಕಾವು ಕೊಡುತ್ತದೆ. ಮೊದಲ ಮೂರು ನಾಲ್ಕು ದಿನ ಗೂಡಿಗೆ ಕೈ ಹಾಕಬಾರದು, ಗಾಬರಿಯಾದ ತಾಯಿ ಮರಿಗಳನ್ನೇ ತಿನ್ನುವುದುಂಟು. ಒಂಬತ್ತು ಹತ್ತು ದಿನಕ್ಕೆ ಹೆಣ್ಣುಮರಿಗಳ ಹೊಟ್ಟೆಯ ಮೇಲೆ ಮೊಲೆತೊಟ್ಟಿನ ಸಾಲು ಕಾಣುತ್ತದೆ, ಗಂಡು ಯಾವುದು ಹೆಣ್ಣು ಯಾವುದು ಅಂತ ಆಗಲೇ ಬರೆದಿಟ್ಟುಕೊಳ್ಳಬಹುದು. ಹದಿಮೂರು ಹದಿನಾಲ್ಕನೆಯ ದಿನ ಕಣ್ಣು ಬಿಡುತ್ತವೆ. ಮೂರು ವಾರಕ್ಕೆ ಹಾಲು ಬಿಡಿಸಿ, ನಾಲ್ಕು ವಾರ ದಾಟುವ ಮೊದಲು ಗಂಡು-ಹೆಣ್ಣು ಬೇರೆ ಮಾಡಲೇಬೇಕು. ಈ ಒಂದು ದಿನಾಂಕ ಮರೆತರೆ ಮಾತ್ರ ಇಡೀ ಲೆಕ್ಕ ಬುಡಮೇಲು.

ಎರಡು ಹೆಣ್ಣು, ಎಂಟೆಂಟು ಮರಿ, ನಾಲ್ಕು ವಾರಕ್ಕೆ 16. ನಮಗೆ ಬೇಕಾದದ್ದೂ ಅಷ್ಟೇ. ಒಂದು ಮನೆತನದ ಸರದಿ ಮತ್ತೆ ಬರುವುದು 16 ವಾರದ ಮೇಲೆ. ಹತ್ತು ವಾರದ ಪ್ರಾಯದಲ್ಲಿ ಮೊದಲ ಸರದಿ, 26 ವಾರಕ್ಕೆ ಎರಡನೆಯದು. ಮೂರನೆಯ ಸರದಿಯ ಹೊತ್ತಿಗೆ ಇಲಿಗೆ 42 ವಾರ, ಅಂದ್ರೆ ಹತ್ತು ತಿಂಗಳ ಹತ್ತಿರ. ಅಷ್ಟರಲ್ಲಿ ಸೂಲು ಸಣ್ಣದಾಗುತ್ತದೆ. ಹಾಗಾಗಿ ಎರಡನೆಯ ಸೂಲಿನ ಇಬ್ಬರು ಹೆಣ್ಣುಮಕ್ಕಳನ್ನು ಅಮ್ಮಂದಿರ ಜಾಗಕ್ಕೆ ಉಳಿಸಿಕೊಳ್ತೀವಿ. ಮುಂದಿನ ಸರದಿ ಬರುವಾಗ ಅವಕ್ಕೆ ಸರಿಯಾಗಿ ಮೂರು ತಿಂಗಳು.

ಗಂಡು? ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲೇ ಉಳೀತಾರೆ, ಗಂಡುಮಕ್ಕಳು ಪಕ್ಕದ ಮನೆಗೆ ಹೋಗ್ತಾರೆ. ಅ ಮನೆಯ ಮಗ ಆ ಮನೆಗೆ, ಆ ಮನೆಯವನು ಇ ಮನೆಗೆ, ಇ ಇಂದ ಈಗೆ, ಈ ಇಂದ ಮತ್ತೆ ಅಗೆ. ನಮ್ಮ ಕಡೆಯ ಅಳಿಯಕಟ್ಟಿನ ಹಾಗೆ ಮನೆ ಹೆಣ್ಣಿನದು. ಒಡಹುಟ್ಟಿದವು ಜೋಡಿಯಾಗುವುದೇ ಇಲ್ಲ. ಕಾಗದದ ಮೇಲೆ ವಂಶವೃಕ್ಷ ಬರೆದು ಅಮ್ಮನಿಗೆ ತೋರಿಸಿದೆವು. ಎರಡನೆಯ ತಲೆಮಾರಿನ ಜೋಡಿಯ ಮೇಲೆ ಬೆರಳಿಟ್ಟು, "ಇವಳ ಅಪ್ಪನ ತಂಗಿ ಇವನ ತಾಯಿ. ಹಾಗಾದ್ರೆ ಸೋದರತ್ತೆ ಮಗನಿಗೇ ಕೊಟ್ಟಿದ್ದೀರಿ" ಅಂದರು. ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ನಾಲ್ಕೇ ಮನೆಯಿದ್ದರೆ ಸಂಬಂಧ ಪೂರ್ತಿ ತಪ್ಪಿಸೋಕಾಗಲ್ಲ, ನಿಧಾನ ಮಾಡಬಹುದು ಅಷ್ಟೇ. ಎಷ್ಟು ನಿಧಾನ? ಅಮೆರಿಕದ ತಳಿವಿಜ್ಞಾನಿ ಸೀವಲ್ ರೈಟ್ ಕೊಟ್ಟ ಸರಳ ಲೆಕ್ಕವಿದೆ. ಗಂಡುಗಳ ಸಂಖ್ಯೆಯ ಎಂಟರಷ್ಟರಿಂದ ಒಂದನ್ನು ಭಾಗಿಸಿ, ಹೆಣ್ಣುಗಳ ಸಂಖ್ಯೆಯ ಎಂಟರಷ್ಟರಿಂದ ಒಂದನ್ನು ಭಾಗಿಸಿ, ಎರಡನ್ನೂ ಕೂಡಿಸಿ. ಒಂದೇ ಡಬ್ಬಿ, ಒಂದು ಗಂಡು, ಎರಡು ಹೆಣ್ಣು ಇಟ್ಟುಕೊಂಡು ಅದರಲ್ಲೇ ಮುಂದುವರಿದರೆ ತಲೆಮಾರಿಗೆ ಒಳಸಂಬಂಧ ಸುಮಾರು ಶೇಕಡಾ 19ರಷ್ಟು ಏರುತ್ತದೆ. ನಾಲ್ಕು ಗಂಡು, ಎಂಟು ಹೆಣ್ಣು ಇದ್ದರೆ ಶೇಕಡಾ 5ಕ್ಕಿಂತ ಕಡಿಮೆ. ಒಳಸಂಬಂಧ ಏರಿದಂತೆ ಸೂಲು ಸಣ್ಣದಾಗುತ್ತದೆ, ಮರಿಗಳು ಸಾಯುತ್ತವೆ. ಪ್ರಯೋಗಾಲಯಗಳಿಗಾಗಿ ಇಂಥ ಸರದಿಯನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಸ್ಯಾಮ್ಯುಯೆಲ್ ಪಾಯ್ಲಿ ಒಬ್ಬರು, 1960ರಲ್ಲಿ. ನಾವು ಅದನ್ನು ಕಡಿಮೆ ಡಬ್ಬಿಗಳಿಗೆ ಇಳಿಸಿಕೊಂಡೆವು.

ಮನೆಯಲ್ಲಿ ಇಲಿ ಸಾಕಿ ಲೆಕ್ಕ ಬರೆದವರಲ್ಲಿ ನಾವೇನೂ ಮೊದಲಿಗರಲ್ಲ. ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಹಳ್ಳಿಯಲ್ಲಿ ಆ್ಯಬಿ ಲ್ಯಾಥ್ರಪ್ ಎಂಬಾಕೆ ಇದ್ದರು. ಶಾಲೆಯ ಮೇಷ್ಟರ ಕೆಲಸ ಬಿಟ್ಟು, 1900ರ ಸುಮಾರಿಗೆ ಶೋಕಿಗೆ ಸಾಕುವವರಿಗೆ ಇಲಿ ಮಾರಲು ಶುರುಮಾಡಿದರು. ಆಮೇಲೆ ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್‌ರಂಥ ವಿಜ್ಞಾನಿಗಳೇ ಗಿರಾಕಿಗಳಾದರು. ಯಾವ ಇಲಿ ಯಾವುದರ ಮಗಳು, ಯಾವುದಕ್ಕೆ ಗೆಡ್ಡೆ ಬಂತು ಅಂತ ಆಕೆ ಬರೆದಿಟ್ಟ ದಾಖಲೆಗಳಿಂದ ಲಿಯೋ ಲೋಬ್ ಜೊತೆ ಕ್ಯಾನ್ಸರಿನ ಮೇಲೆ ಪ್ರಬಂಧಗಳು ಹೊರಬಂದವು. ಇವತ್ತು ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಪ್ಪು ಇಲಿಯ ತಳಿ ಆಕೆಯ ಕೊಟ್ಟಿಗೆಯಿಂದ ಬಂದದ್ದು. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆಕೆಯ ಹೆಸರು ಬರೆದುಕೊಂಡಿದ್ದೆವು.

ಇನ್ನು ಕೊಲ್ಲುವ ಮಾತು. ಜೀವಂತ ಇಲಿಯನ್ನು ಹಾವಿನ ಮುಂದೆ ಬಿಡುವುದು ಸಹಜ ಅಂತ ಅನ್ನಿಸಬಹುದು. ಆದರೆ ಕಾಡಿನಲ್ಲಿ ಇಲಿಗೆ ಓಡಲು ಜಾಗವಿದೆ, ಗಾಜಿನ ಪೆಟ್ಟಿಗೆಯಲ್ಲಿ ಇಲ್ಲ. ಮೂಲೆಗೆ ಸಿಕ್ಕ ಇಲಿ ಹಾವಿನ ಕಣ್ಣು ಕಚ್ಚುತ್ತದೆ. ಪಶುವೈದ್ಯರೊಬ್ಬರ ಬಳಿ ಕಲಿತು, ಸಿಲಿಂಡರಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ತುಂಬುವ ಕ್ರಮವನ್ನೇ ಅನುಸರಿಸಿದೆವು. ಪ್ರಜ್ಞೆ ಮೊದಲು ಹೋಗಬೇಕು, ನೋವು ಬರಬಾರದು, ಅದಕ್ಕೇ ಅನಿಲದ ವೇಗ ಅಳೆಯುವ ಮೀಟರ್ ಬೇಕು. ಅಡುಗೆ ಸೋಡಾ, ವಿನೆಗರ್ ಬೆರೆಸುವ ಮನೆಮದ್ದಿನಿಂದ ಇದು ಸಾಧ್ಯವಿಲ್ಲ. ಇನ್ನೊಂದು ವಿಷಯ: ಆಗ ತಾನೇ ಹುಟ್ಟಿದ ಮರಿಗಳು ಆಮ್ಲಜನಕವಿಲ್ಲದೆ ಬಹಳ ಹೊತ್ತು ತಾಳುತ್ತವೆ. ದೊಡ್ಡ ಇಲಿಗೆ ಸಾಕಾಗುವ ನಿಮಿಷಗಳು ಅವಕ್ಕೆ ಏನೇನೂ ಸಾಲವು. ಹಾಗಾಗಿ ಎಳೆ ಮರಿಗಳನ್ನು ನಾವು ಮುಟ್ಟಲೇ ಇಲ್ಲ. ಇಷ್ಟು ಮಾಡಿದರೂ ಆ ಭಾನುವಾರಗಳು ಹಗುರಾಗಿರಲಿಲ್ಲ. ಗಣಪತಿ ಹಬ್ಬದ ವಾರ ಸಿಲಿಂಡರ್ ಮುಟ್ಟುವ ಹಾಗಿಲ್ಲ ಅಂತ ಅಮ್ಮ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದರು. ಮುಟ್ಟಲಿಲ್ಲ. ಲೆಕ್ಕದಲ್ಲಿ ಒಂದು ವಾರ ಸರಿಸಿದೆವು.

ಈ ಸರದಿ ಎರಡು ವರ್ಷ ಸರಾಗವಾಗಿ ನಡೆಯಿತು. ಆಮೇಲೆ ಒಂದು ಅಕ್ಟೋಬರಿನಲ್ಲಿ ಎರಡು ಸಂಗತಿಗಳು ಒಂದೇ ವಾರ ತಿಳಿದವು. ನಮ್ಮ ಮನೆಗೆ ಮಗು ಬರುತ್ತಿದೆ. ಮತ್ತು ಬೇಸ್‌ಮೆಂಟಿನ ಮೂಲೆಯಲ್ಲಿ, ನಮ್ಮ ಡಬ್ಬಿಗಳಿಗೆ ಸೇರದ ಹಿಕ್ಕೆಗಳಿವೆ. ಚಳಿ ಶುರುವಾದಾಗ ಹೊರಗಿನ ಇಲಿ ಒಳಗೆ ಬರುವುದು ಇಲ್ಲಿ ಮಾಮೂಲು. ಬೇರೆ ವರ್ಷವಾಗಿದ್ದರೆ ಬೋನು ಇಟ್ಟು ಸುಮ್ಮನಾಗುತ್ತಿದ್ದೆವು.

ಎಲ್‌ಸಿಎಂವಿ ಎಂಬ ವೈರಸ್ ಇದೆ. ಅಮೆರಿಕದ ಮನೆಯಿಲಿಗಳಲ್ಲಿ ಸುಮಾರು ಶೇಕಡಾ 5ರಷ್ಟು ಇದನ್ನು ಹೊತ್ತಿವೆ ಅಂತ ಇಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿಯ ಅಂದಾಜು. ಹೊರಗಿನ ಇಲಿಯ ಮೂತ್ರ, ಹಿಕ್ಕೆಯಿಂದ ಸಾಕಿದ ಇಲಿಗೆ ದಾಟುತ್ತದೆ. ತಾಯಿಯ ಹೊಟ್ಟೆಯಲ್ಲೇ ಸೋಂಕು ತಗಲಿದ ಮರಿಗೆ ಏನೂ ಆದಂತೆ ಕಾಣುವುದಿಲ್ಲ, ಆದರೆ ಜೀವಮಾನವಿಡೀ ವೈರಸ್ ಹೊರಹಾಕುತ್ತಲೇ ಇರುತ್ತದೆ. ಆರೋಗ್ಯವಂತ ದೊಡ್ಡವರಿಗೆ ಬಹಳ ಸಲ ಜ್ವರದ ಹಾಗೆ ಬಂದು ಹೋಗುತ್ತದೆ. ಗರ್ಭಿಣಿಗೆ ತಗಲಿದರೆ ಗರ್ಭಪಾತವಾಗಬಹುದು, ಮಗುವಿನ ಮಿದುಳಿಗೆ, ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಇದು ಪುಸ್ತಕದ ಭಯವಲ್ಲ. 2012ರಲ್ಲಿ ಇಂಡಿಯಾನಾದಲ್ಲಿ ಹಾವುಗಳ ಆಹಾರಕ್ಕಾಗಿ ಇಲಿ ಬೆಳೆಸುವ ಕೇಂದ್ರವೊಂದರ ಕೆಲಸಗಾರರಿಗೇ ಈ ಸೋಂಕು ತಗಲಿತ್ತು. 2017ರಲ್ಲಿ ವಿಸ್ಕಾನ್ಸಿನ್ ಮತ್ತು ಇಲಿನಾಯ್‌ನಲ್ಲಿ, ಮನೆಯಲ್ಲಿ ದೊಡ್ಡ ಜಾತಿಯ ಇಲಿ ಸಾಕುತ್ತಿದ್ದವರಿಂದ ಸೋಲ್ ವೈರಸ್ ಎಂಬ ಇನ್ನೊಂದು ಸೋಂಕು ಹೊರಬಿದ್ದು, ಅದರ ಜಾಡು ಹನ್ನೊಂದು ರಾಜ್ಯಗಳಿಗೆ ಹರಡಿತ್ತು.

ಇಲಿಗಳ ರಕ್ತ ಪರೀಕ್ಷೆ ಮಾಡಿಸಬಹುದಿತ್ತು. ಆದರೆ ಪರೀಕ್ಷೆ ಆ ದಿನದ ಮಾತು ಹೇಳುತ್ತದೆ. ಮುಂದಿನ ವಾರ ಗೋಡೆಯ ಬಿರುಕಿನಿಂದ ಬರುವ ಇಲಿಯ ಮಾತು ಹೇಳುವುದಿಲ್ಲ. ವೈದ್ಯರು ಸ್ಪಷ್ಟವಾಗಿ ಹೇಳಿದರು, ಗರ್ಭಿಣಿ ಇಲಿಗಳ ಹತ್ತಿರ ಹೋಗಬಾರದು. ಅವತ್ತಿಂದ ನಮ್ಮಲ್ಲಿ ಒಬ್ಬರು ಬೇಸ್‌ಮೆಂಟಿನ ಬಾಗಿಲು ದಾಟಲಿಲ್ಲ. ಇನ್ನೊಬ್ಬರು ಕೈಗವಸು, ಮಾಸ್ಕ್ ಹಾಕಿಕೊಂಡು, ಹಾಸನ್ನು ಒಣಗಿದ್ದಾಗ ಗುಡಿಸದೆ ಸೋಂಕುನಾಶಕದಲ್ಲಿ ನೆನೆಸಿ ತೆಗೆದು, ಮೆಟ್ಟಿಲ ಬುಡದಲ್ಲೇ ಬಟ್ಟೆ ಬದಲಾಯಿಸಿ ಮೇಲೆ ಬರಬೇಕಾಯಿತು. ಮೂರು ದಿನ ಹೀಗೆ ಮಾಡಿ, ನಾಲ್ಕನೆಯ ದಿನ ಇಲಿ ಸಾಕುವುದನ್ನೇ ನಿಲ್ಲಿಸುವುದು ಅಂತ ತೀರ್ಮಾನ ಮಾಡಿದೆವು.

ಆ ಸರದಿಯ ನಿಜವಾದ ಬೆಲೆ ನಮಗೆ ತಿಳಿದದ್ದು ಆಗ. ಮೊದಲ ವರ್ಷದ ವ್ಯವಸ್ಥೆಯಾಗಿದ್ದರೆ ಯಾವ ದಿನ ನಿಲ್ಲಿಸಿದರೂ ಹನ್ನೆರಡು ಹೆಣ್ಣುಗಳು ಗಬ್ಬವಾಗಿಯೋ ಬಾಣಂತಿಯಾಗಿಯೋ ಇರುತ್ತಿದ್ದವು. ಈಗ ಮಾಡಬೇಕಾದದ್ದು ಒಂದೇ: ಮುಂದಿನ ಭಾನುವಾರ ಗಂಡನ್ನು ಬಿಡದೇ ಇರುವುದು. ಆ ಹೊತ್ತಿಗೆ ಇ ಮನೆಯಲ್ಲಿ ಮಾತ್ರ ಒಂದು ವಾರದ ಮರಿಗಳಿದ್ದವು. ಉಳಿದ ಮನೆಗಳಲ್ಲಿ ಹೊಸ ಜೀವ ಇರಲಿಲ್ಲ. ಹತ್ತು ವಾರದಲ್ಲಿ ಡಬ್ಬಿಗಳು ಒಂದೊಂದಾಗಿ ಖಾಲಿಯಾದವು. ಲೆಕ್ಕ ತಪ್ಪಿ ಒಂದನ್ನೂ ಕೊಲ್ಲಬೇಕಾಗಲಿಲ್ಲ.

ಹಾಗಾದ್ರೆ ಆ ಹಟಮಾರಿ ಪೈಥಾನ್? ಇದನ್ನು ಹೇಳೋಕೆ ಸ್ವಲ್ಪ ನಾಚಿಕೆ. ಈ ಹಾವಿನ ತುಟಿಯ ಮೇಲೆ ಶಾಖ ಗ್ರಹಿಸುವ ಕುಳಿಗಳಿವೆ. ತಣ್ಣಗಿನ ಇಲಿ ಅದಕ್ಕೆ ಇಲಿಯೇ ಅಲ್ಲ. ಅಂಗಡಿಯ ಫ್ರೀಜ಼್ ಇಲಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಿಸಿ, ಬಿಸಿನೀರಿನಲ್ಲಿ ಮೈಯಷ್ಟು ಬೆಚ್ಚಗೆ ಮಾಡಿ, ತಲೆಯ ಭಾಗ ಇನ್ನೂ ಸ್ವಲ್ಪ ಬಿಸಿಯಿರುವಂತೆ ನೋಡಿಕೊಂಡು, ಉದ್ದದ ಚಿಮಟದಲ್ಲಿ ಹಿಡಿದು ಕತ್ತಲಲ್ಲಿ ಅಲ್ಲಾಡಿಸಿದೆವು. ಏಳನೆಯ ವಾರ ಬಾಯಿ ಹಾಕಿತು. ಅಂದಿನಿಂದ ತಪ್ಪಿಸಿಲ್ಲ. ಏಳು ವರ್ಷಗಳ ಹಿಂದೆಯೇ ಏಳು ವಾರ ಸರಿಯಾಗಿ ಪ್ರಯತ್ನಿಸಿದ್ದರೆ ಇಷ್ಟೆಲ್ಲ ಬೇಕೇ ಇರಲಿಲ್ಲವೇನೋ. ಫ್ರೀಜ಼್ ಇಲಿಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬದುಕಿರುತ್ತದೆ ಅನ್ನುವುದನ್ನು ಮರೆಯಬೇಡಿ. ಹೆಪ್ಪುಗಟ್ಟಿದರೆ ಅದು ಸಾಯುವುದಿಲ್ಲ. ಅಡುಗೆಯ ಪಾತ್ರೆ, ಅಡುಗೆಯ ಸಿಂಕ್ ಬಳಸಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮಗು ಮಾರ್ಚಿನಲ್ಲಿ ಹುಟ್ಟಬೇಕಿತ್ತು. ಸರಿಯಾಗಿ ಅದೇ ವಾರ ಹುಟ್ಟಿತು. ಕಣ್ಣು, ಕಿವಿ, ತಲೆಯ ಸುತ್ತಳತೆ ಎಲ್ಲ ಅಳೆದು "ಚೆನ್ನಾಗಿದೆ" ಅಂತ ಅವರು ಹೇಳುವ ತನಕ ನಮ್ಮ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಯಾರಿಗೂ ಹೇಳಿರಲಿಲ್ಲ. ಬಾಣಂತನಕ್ಕೆ ಬಂದ ಅಮ್ಮ ಖಾಲಿ ಡಬ್ಬಿಗಳನ್ನು ಬಿಸಿಲಿಗಿಟ್ಟು ಒಣಗಿಸಿ, "ಅಕ್ಷರ ಅಳಿಸಬೇಡಿ, ಮುಂದೆ ಆಟದ ಸಾಮಾನು ತುಂಬೋಕಾಗುತ್ತೆ" ಅಂದರು. ಅಕ್ಷರಗಳನ್ನು ಹಾಗೇ ಬಿಟ್ಟು, ಡಬ್ಬಿಗಳನ್ನು ಮಾತ್ರ ಬ್ಲೀಚಿನಲ್ಲಿ ಎರಡು ಸಲ ತೊಳೆದೆವು.

ನೀವೂ ಮನೆಯಲ್ಲಿ ಇಂಥದ್ದೇನಾದರೂ ಸಾಕುತ್ತಿದ್ದರೆ, ಇಲಿಯಾಗಲಿ, ಮೀನಾಗಲಿ, ಮಿಡತೆಯಾಗಲಿ, ಶುರುಮಾಡುವ ಮೊದಲು ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ: ವಾರಕ್ಕೆ ನಿಜವಾಗಿ ಎಷ್ಟು ಬೇಕು, ಮತ್ತು ನಾಳೆಯೇ ನಿಲ್ಲಿಸಬೇಕಾಗಿ ಬಂದರೆ ಎಷ್ಟು ದಿನ ಹಿಡಿಯುತ್ತದೆ.